ಗೂನುಬೆನ್ನಿನ ಕೋವಿ

ಊರು ಬಿಟ್ಟು ಹೋದವರ ಕತೆಗಳನ್ನು ಹುಡುಕಿ ಓದುವುದು ನನಗೊಂದು ಚಟ. ಮುಂಬಯಿಗೆ ಬಂದು ಇಷ್ಟು ವರ್ಷ ಆದಮೇಲೆ ಈ ಚಟ ಹತ್ತದಿದ್ದರೇ ಆಶ್ಚರ್ಯ. ಹೋಟೆಲಿನವರ ಕತೆ, ಮಿಲ್ಲಿನವರ ಕತೆ, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ಕತೆ ನಮ್ಮಲ್ಲಿ ಬೇಕಾದಷ್ಟಿವೆ, ಹೇಳಿ ಹೇಳಿ ಸವೆದೂ ಹೋಗಿವೆ. ಇವತ್ತು ಹೇಳಹೊರಟಿರುವುದು ಬೇರೆ ದೇಶದ್ದು. ಕೋವಿ ಮಾಡುವ ಒಬ್ಬ ಮನುಷ್ಯ ತನ್ನ 47ನೇ ವಯಸ್ಸಿನಲ್ಲಿ, ತಾನೇ ಮಾಡಿದ ಕೋವಿಯ ಮಾದರಿಯನ್ನು ಹೊತ್ತುಕೊಂಡು, ಅಮೆರಿಕದಿಂದ ಬೆಲ್ಜಿಯಂಗೆ ಹಡಗು ಹತ್ತಿದ ಕತೆ. ಅವನ ಹೆಸರು ಜಾನ್ ಮೋಸೆಸ್ ಬ್ರೌನಿಂಗ್. ಕೋವಿಯ ಹೆಸರು ಆಟೋ-5.

ಮಲೆನಾಡಿನವರಿಗೆ, ಕೊಡಗಿನವರಿಗೆ ಕೋವಿ ಅಂದರೇನು ಅಂತ ನಾನು ಹೇಳಿಕೊಡಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ರೈಫಲ್ಲಿನ ನಳಿಗೆಯ ಒಳಗೆ ಸುರುಳಿ ಗೆರೆಗಳಿರುತ್ತವೆ, ಒಂದು ಸಲಕ್ಕೆ ಒಂದೇ ಗುಂಡು ಹೊರಡುತ್ತದೆ, ಬಲು ದೂರ ಹೋಗುತ್ತದೆ. ಕೋವಿಯ ನಳಿಗೆ ಒಳಗೆಲ್ಲ ನುಣುಪು. ಅದರ ತೋಟಾದೊಳಗೆ ಸಾಮಾನ್ಯವಾಗಿ ಒಂದೇ ಗುಂಡಿನ ಬದಲು ಸಣ್ಣ ಸಣ್ಣ ಚರೆಗಳಿರುತ್ತವೆ. ಈಡು ಹಾರಿಸಿದರೆ ಚರೆ ಹರಡಿಕೊಂಡು ಹೋಗುತ್ತದೆ, ಹಾರುವ ಹಕ್ಕಿಗೋ ಓಡುವ ಮೊಲಕ್ಕೋ ಎಲ್ಲಾದರೂ ತಾಗುತ್ತದೆ. ಇನ್ನು "12 ಬೋರ್" ಎಂಬ ಲೆಕ್ಕ ಕೇಳಿ. ಒಂದು ಪೌಂಡ್ ಸೀಸವನ್ನು ಸಮನಾದ 12 ಗುಂಡುಗಳಾಗಿ ಎರಕ ಹೊಯ್ದರೆ ಒಂದೊಂದು ಗುಂಡು ಎಷ್ಟು ದಪ್ಪವೋ ಅಷ್ಟೇ ಅಗಲ ನಳಿಗೆಯ ಬಾಯಿ, ಸುಮಾರು 18.5 ಮಿಲಿಮೀಟರ್. ಹಾಗಾಗಿ 20 ಬೋರಿನದು 12 ಬೋರಿಗಿಂತ ಸಣ್ಣ ಕೋವಿ!

ನಮ್ಮ ಕಡೆ ಕಂಡದ್ದು ಒಂಟಿನಳಿಗೆ, ಇಲ್ಲವೇ ಜೋಡುನಳಿಗೆ. ಎರಡು ಈಡು ಮುಗಿಯಿತೆಂದರೆ ಕೋವಿಯನ್ನು ಮಡಚಿ, ಖಾಲಿ ತೋಟಾ ತೆಗೆದು, ಹೊಸದು ತುಂಬಬೇಕು. ಅಷ್ಟರಲ್ಲಿ ಹಂದಿ ಗದ್ದೆ ದಾಟಿ ಎತ್ತಲೋ ಹೋಗಿರುತ್ತದೆ. ಅರೆ ಸ್ವಯಂಚಾಲಿತ ಕೋವಿ ಈ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. "ಅರೆ" ಯಾಕೆಂದರೆ ಪ್ರತಿ ಈಡಿಗೂ ಟ್ರಿಗರ್ ಎಳೆಯಲೇಬೇಕು, ಮಷಿನ್‌ಗನ್ನಿನ ಹಾಗೆ ಒತ್ತಿ ಹಿಡಿದರೆ ಸಾಲಾಗಿ ಹಾರುವುದಿಲ್ಲ. ಖಾಲಿ ತೋಟಾ ಹೊರಗೆ ಎಸೆಯುವುದು, ಹೊಸದನ್ನು ಒಳಗೆ ತಳ್ಳುವುದು, ಮುಂದಿನ ಈಡಿಗೆ ಸಿದ್ಧವಾಗುವುದು ಮಾತ್ರ ಯಂತ್ರದ ಪಾಲು.

ಇದನ್ನು 1898ರ ಹೊತ್ತಿಗೆ ಮಾಡಿ ತೋರಿಸಿದವನು ಬ್ರೌನಿಂಗ್. ಯೂಟಾ ಪ್ರಾಂತ್ಯದ ಆಗ್ಡನ್ ಎಂಬ ಊರಿನಲ್ಲಿ 1855ರಲ್ಲಿ ಹುಟ್ಟಿದವನು. ಅಪ್ಪ ಜೊನಾಥನ್ ಕೂಡ ಕೋವಿ ಮಾಡುವವನೇ. ಮಗ ಅಪ್ಪನ ಅಂಗಡಿಯಲ್ಲಿ ಸಲಕರಣೆ ಹಿಡಿದೇ ಬೆಳೆದ. 1883ರಲ್ಲಿ ವಿಂಚೆಸ್ಟರ್ ಕಂಪೆನಿಯ ಟಿ.ಜಿ. ಬೆನೆಟ್ ಎಂಬ ದೊಡ್ಡ ಮನುಷ್ಯ ಪೂರ್ವ ತೀರದಿಂದ ಆಗ್ಡನ್‌ವರೆಗೆ ಬಂದು, ಬ್ರೌನಿಂಗ್ ಸೋದರರ ಒಂಟಿ ಈಡಿನ ರೈಫಲ್ಲಿನ ಹಕ್ಕನ್ನು 8,000 ಡಾಲರಿಗೆ ಕೊಂಡುಕೊಂಡ. ಆಮೇಲೆ 19 ವರ್ಷ ಅದೇ ಪದ್ಧತಿ. ಬ್ರೌನಿಂಗ್ ಮಾದರಿ ಮಾಡಿಕೊಂಡು ಹೋಗುವುದು, ವಿಂಚೆಸ್ಟರ್ ಒಂದು ಮೊತ್ತ ಕೊಟ್ಟು ಪೂರ್ತಿ ಕೊಂಡುಬಿಡುವುದು. ಕೊಂಡದ್ದನ್ನೆಲ್ಲ ಅವರು ತಯಾರಿಸಲೂ ಇಲ್ಲ. ಎಷ್ಟೋ ಮಾದರಿಗಳನ್ನು ಬೇರೆಯವರ ಕೈಗೆ ಸಿಗದಿರಲಿ ಅಂತಲೇ ಕೊಂಡು ಮೂಲೆಯಲ್ಲಿಟ್ಟರು. ವಿಂಚೆಸ್ಟರಿನ ಹೆಸರಲ್ಲಿ ಪ್ರಸಿದ್ಧವಾದ 1897ರ ಪಂಪ್ ಕೋವಿ, 1894ರ ರೈಫಲ್ ಎಲ್ಲ ಈತನ ಕೈಯವೇ. ಲಕ್ಷಗಟ್ಟಲೆ ಮಾರಾಟವಾದ ಮಾಲಿಗೆ ಮಾಡಿದವನಿಗೆ ಸಿಕ್ಕಿದ್ದು ಒಂದು ಸಲದ ದುಡ್ಡು.

ಈಗ ಯಂತ್ರಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಜಗಳ ಅರ್ಥವಾಗಬೇಕಾದರೆ ಅವನು ಕಷ್ಟಪಟ್ಟದ್ದು ಯಾವುದಕ್ಕೆ ಅಂತ ಗೊತ್ತಿರಬೇಕು.

ಕೋವಿ ಹಾರಿಸಿದವರಿಗೆಲ್ಲ ಗೊತ್ತು, ಅದು ಹೆಗಲಿಗೆ ಒದೆಯುತ್ತದೆ. ಚರೆ ಮುಂದಕ್ಕೆ ಹೋದರೆ ಕೋವಿ ಹಿಂದಕ್ಕೆ ಬರಲೇಬೇಕು. ಈ ಒದೆತ ಸುಮ್ಮನೆ ಹೆಗಲಿಗೆ ನೋವು ಕೊಟ್ಟು ಹಾಳಾಗುವ ಬದಲು ಅದರಿಂದಲೇ ಕೆಲಸ ಮಾಡಿಸಿದರೆ? ಬ್ರೌನಿಂಗ್ ನಳಿಗೆಯನ್ನು ಬಿಗಿಯಾಗಿ ಕೂರಿಸಲಿಲ್ಲ, ಹಿಂದೆ ಮುಂದೆ ಜಾರುವ ಹಾಗೆ ಇಟ್ಟ. ಈಡು ಹಾರಿದಾಗ ನಳಿಗೆಯೂ ಅದರ ಹಿಂದೆ ತೋಟಾವನ್ನು ಮುಚ್ಚಿ ಹಿಡಿದ ಬೋಲ್ಟೂ ಒಂದಕ್ಕೊಂದು ಕೊಂಡಿ ಹಾಕಿಕೊಂಡೇ ಹಿಂದಕ್ಕೆ ಬರುತ್ತವೆ, ಒಂದು ತೋಟಾದ ಉದ್ದಕ್ಕಿಂತಲೂ ಹೆಚ್ಚು ದೂರ. ಅಲ್ಲಿ ಬೋಲ್ಟನ್ನು ಒಂದು ಕೊಕ್ಕೆ ಹಿಡಿದು ನಿಲ್ಲಿಸುತ್ತದೆ. ಕೊಂಡಿ ಬಿಚ್ಚಿಕೊಂಡ ನಳಿಗೆ ಸ್ಪ್ರಿಂಗಿನ ಬಲದಿಂದ ಒಂಟಿಯಾಗಿ ಮುಂದಕ್ಕೆ ಹೋಗುತ್ತದೆ. ಬೋಲ್ಟಿನಲ್ಲೇ ಸಿಕ್ಕಿಕೊಂಡಿದ್ದ ಖಾಲಿ ತೋಟಾ ಆಗ ಪಕ್ಕಕ್ಕೆ ಚಿಮ್ಮುತ್ತದೆ. ನಳಿಗೆಯ ಕೆಳಗಿನ ಕೊಳವೆಯಿಂದ ಹೊಸ ತೋಟಾ ಮೇಲೆದ್ದು ಬರುತ್ತದೆ, ಬೋಲ್ಟ್ ಮುಂದೆ ಧಾವಿಸಿ ಅದನ್ನು ಒಳಗೆ ತಳ್ಳಿ ಬಾಗಿಲು ಹಾಕಿಕೊಳ್ಳುತ್ತದೆ. ಇಷ್ಟೂ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಕೊಳವೆಯಲ್ಲಿ ನಾಲ್ಕು, ನಳಿಗೆಯಲ್ಲಿ ಒಂದು, ಹೀಗೆ ಐದು ಈಡು. ಅದಕ್ಕೇ ಆಟೋ-5.

ಬೋಲ್ಟ್ ಅಷ್ಟು ಹಿಂದೆ ಹೋಗಲು ಜಾಗ ಬೇಕಲ್ಲ? ಹಾಗಾಗಿ ಕೋವಿಯ ಹಿಂಭಾಗ ಎತ್ತರಕ್ಕೆ ಪೆಟ್ಟಿಗೆಯ ಹಾಗೆ ಬಂದು, ಮರದ ಹಿಡಿ ಶುರುವಾಗುವಲ್ಲಿ ಥಟ್ಟನೆ ಕೆಳಗಿಳಿಯುತ್ತದೆ. ಅಮೆರಿಕದವರು ಇದನ್ನು "ಗೂನುಬೆನ್ನು" ಅಂತಲೇ ಕರೆದರು. ಚಂದ ಅಂತೂ ಇಲ್ಲ ಬಿಡಿ. ಆದರೆ ಬೇಟೆಗಾರರು ಆ ಗೂನನ್ನೇ ಇಷ್ಟಪಟ್ಟರು, ಗುರಿ ಹಿಡಿಯುವಾಗ ಕಣ್ಣಿಗೆ ಉದ್ದನೆಯ ಸಮತಟ್ಟು ಗೆರೆ ಸಿಗುತ್ತದೆ ಅಂತ.

ಇದಕ್ಕೂ ಕಷ್ಟದ್ದೊಂದಿತ್ತು. ಒಂದೇ ಪೆಟ್ಟಿಗೆಯ ರೈಫಲ್ ಗುಂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಜೋರಿನವು. ಕೋವಿಯ ತೋಟಾಗಳು ಹಾಗಲ್ಲ. ಸಣ್ಣ ಹಕ್ಕಿಗೆ ಹಗುರದ್ದು, ಬಾತುಕೋಳಿಗೆ ಭಾರದ್ದು. ಆಗ ತೋಟಾದ ಮೈ ಕಾಗದದ್ದು, ಒದ್ದೆಯಾದರೆ ಉಬ್ಬುತ್ತದೆ. ಹಳೆಯ ಕರಿಮದ್ದಿನ ಮಸಿ ಒಳಗೆಲ್ಲ ಮೆತ್ತಿಕೊಂಡು ಇಂಥ ಯಂತ್ರವನ್ನು ನಿಲ್ಲಿಸಿಬಿಡುತ್ತಿತ್ತು. 19ನೇ ಶತಮಾನದ ಕೊನೆಗೆ ಹೊಗೆಯಿಲ್ಲದ ಮದ್ದು ಬಂದಮೇಲೆಯೇ ಈ ಕೋವಿ ಸಾಧ್ಯವಾದದ್ದು. ಇನ್ನು ಹಗುರದ ತೋಟಾಕ್ಕೆ ಸರಿಯಾಗಿ ಕೆಲಸ ಮಾಡುವ ಕೋವಿ ಭಾರದ್ದಕ್ಕೆ ಒಡೆದುಹೋಗಬಾರದು. ಬ್ರೌನಿಂಗ್ ಇದಕ್ಕೆ ಹುಡುಕಿದ ಉಪಾಯ ಒಂದು ಉಂಗುರ! ಕೊಳವೆಯ ಸುತ್ತಲಿನ ಸ್ಪ್ರಿಂಗಿನ ಮುಂದೆ ಉಂಗುರ ಹಾಕಿದರೆ ಬ್ರೇಕಿನ ಹಾಗೆ ಉಜ್ಜುವಿಕೆ ಹೆಚ್ಚಿ ಭಾರದ ಒದೆತ ತಗ್ಗುತ್ತದೆ. ಹಗುರದ ತೋಟಾ ಇದ್ದರೆ ಅದೇ ಉಂಗುರವನ್ನು ತೆಗೆದು ಸ್ಪ್ರಿಂಗಿನ ಹಿಂದೆ ಹಾಕಿಡುವುದು, ಅಷ್ಟೇ. ಯಾವ ಹಳ್ಳಿಯ ಬೇಟೆಗಾರನೂ ಮಾಡಿಕೊಳ್ಳಬಹುದು. ನನಗೆ ಈ ಮನುಷ್ಯನ ಮೇಲೆ ಪ್ರೀತಿ ಹುಟ್ಟಿದ್ದು ಈ ಉಂಗುರದ ವಿಷಯ ಓದಿದಾಗ. ತನ್ನ ಕೆಲಸಗಳಲ್ಲೆಲ್ಲ ಇದೇ ಶ್ರೇಷ್ಠ ಎಂದು ಅವನು ತಿಳಿದಿದ್ದನಂತೆ.

1900ರ ಅಕ್ಟೋಬರಿನಲ್ಲಿ ಪೇಟೆಂಟ್ ಸಿಕ್ಕಿತು. ಮಾದರಿ ವಿಂಚೆಸ್ಟರಿಗೆ ಹೋಯಿತು. ಈ ಸಲ ಬ್ರೌನಿಂಗ್ ಹೊಸ ಮಾತು ತೆಗೆದ: ಒಂದು ಸಲದ ದುಡ್ಡು ಬೇಡ, ಮಾರಿದ ಪ್ರತಿ ಕೋವಿಗೂ ನನಗೆ ಇಷ್ಟು ಅಂತ ಪಾಲು ಕೊಡಿ. ಬೆನೆಟ್ ಒಪ್ಪಲಿಲ್ಲ. ಯಾರಿಗೂ ಹಾಗೆ ಕೊಟ್ಟು ಅವರಿಗೆ ರೂಢಿಯಿಲ್ಲ. ಅವನಿಗೆ ಇನ್ನೊಂದು ಅಳುಕೂ ಇತ್ತೆಂದು ಹೇಳುತ್ತಾರೆ. ಈ ಹೊಸ ಕೋವಿ ಬಂದರೆ ಚೆನ್ನಾಗಿ ಓಡುತ್ತಿದ್ದ ತಮ್ಮದೇ ಪಂಪ್ ಕೋವಿಯ ವ್ಯಾಪಾರ ಕೆಡಬಹುದು ಅಂತ. ಬ್ರೌನಿಂಗ್ ಮಾದರಿ ಎತ್ತಿಕೊಂಡು ಹೊರಗೆ ಬಂದ. 19 ವರ್ಷದ ಸಂಬಂಧ ಅಲ್ಲಿಗೆ ಮುಗಿಯಿತು.

ಅಲ್ಲಿಂದ ರೆಮಿಂಗ್ಟನ್ ಕಂಪೆನಿಗೆ. ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿಯನ್ನು ಕಾಣಲು 1902ರ ಜನವರಿ 8ರಂದು ಕಾದು ಕುಳಿತಿದ್ದಾನೆ. ಒಳಗಿನಿಂದ ಸುದ್ದಿ ಬಂತು, ಹಾರ್ಟ್ಲಿ ಹೃದಯಾಘಾತದಿಂದ ತೀರಿಕೊಂಡ. ಕತೆಗಾರ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ ಮಾರಾಯ್ರೆ!

ಇನ್ನು ಉಳಿದದ್ದು ಕಡಲಾಚೆ. ಬೆಲ್ಜಿಯಂನ ಲೀಜ್ ಪಟ್ಟಣದ ಪಕ್ಕ ಹೆರ್ಸ್ಟಾಲ್‌ನಲ್ಲಿ ಎಫ್‌ಎನ್ ಎಂಬ ಕಾರ್ಖಾನೆ. ಬೆಲ್ಜಿಯಂ ಸೈನ್ಯಕ್ಕೆ ಮೌಸರ್ ರೈಫಲ್ ಮಾಡಿಕೊಡಲೆಂದು 1889ರಲ್ಲಿ ಹುಟ್ಟಿದ್ದು. ಬ್ರೌನಿಂಗನ ಒಂದು ಪಿಸ್ತೂಲನ್ನು ಅವರು ಆಗಲೇ ಮಾಡಿ ಮಾರುತ್ತಿದ್ದರು, ಪಾಲಿನ ಲೆಕ್ಕದಲ್ಲೇ. ಅಲ್ಲಿಗೆ ಅವನೇ ಹೋಗಿ 1902ರ ಮಾರ್ಚಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ. ಅಷ್ಟೇ ಅಲ್ಲ, ಅಮೆರಿಕದಲ್ಲಿ ಮಾರಲು 10,000 ಕೋವಿಗಳಿಗೆ ತಾನೇ ಆರ್ಡರ್ ಕೊಟ್ಟ. ಯೋಚಿಸಿ, ಒಂದೂ ತಯಾರಾಗಿಲ್ಲ, ಹತ್ತು ಸಾವಿರಕ್ಕೆ ಮಾತು ಕೊಟ್ಟಿದ್ದಾನೆ. ತನ್ನ ಕೆಲಸದ ಮೇಲೆ ಅಷ್ಟು ನಂಬಿಕೆ. ಮರುವರ್ಷದಿಂದ ಕೋವಿ ಮಾರುಕಟ್ಟೆಗೆ ಬಂತು, ನಂಬಿಕೆ ಸುಳ್ಳಾಗಲಿಲ್ಲ.

ಕಡಲು ದಾಟಿ ಬರುವ ಮಾಲಿಗೆ ಅಮೆರಿಕದ ಸುಂಕ ಕಟ್ಟಬೇಕು. ಹಾಗಾಗಿ 1905ರಿಂದ ರೆಮಿಂಗ್ಟನ್ ಕಂಪೆನಿ ಪಾಲು ಕೊಟ್ಟು ಅದನ್ನೇ ಅಮೆರಿಕದಲ್ಲಿ ತಯಾರಿಸತೊಡಗಿತು, ಮುಂದೆ ಅದಕ್ಕೆ "ಮಾಡೆಲ್ 11" ಎಂಬ ಹೆಸರು ಬಂತು. ಎರಡನೇ ಮಹಾಯುದ್ಧ ಮುಗಿದ ಕೆಲವೇ ವರ್ಷಗಳವರೆಗೆ ಎಂಟು ಲಕ್ಷಕ್ಕೂ ಹೆಚ್ಚು ಮಾಡಿತು.

ವಿಂಚೆಸ್ಟರ್ ಏನು ಮಾಡಿತು? ಅವರಿಗೂ ಒಂದು ಬೇಕಾಯಿತು. ಆದರೆ ಬ್ರೌನಿಂಗನ ಪೇಟೆಂಟ್ ಎಲ್ಲ ದಾರಿಗೂ ಅಡ್ಡ. ಆ ಪೇಟೆಂಟಿನ ಅರ್ಜಿ ಬರೆಯಲು ಮೊದಲು ನೆರವಾದವರೇ ವಿಂಚೆಸ್ಟರಿನವರು! ಅವರ ಎಂಜಿನಿಯರ್ ಟಿ.ಸಿ. ಜಾನ್ಸನ್ ಬಹಳ ವರ್ಷ ತಿಣುಕಿ 1911ರಲ್ಲಿ ಒಂದು ಕೋವಿ ಹೊರತಂದ. ಬೋಲ್ಟಿಗೆ ಹಿಡಿ ಹಾಕುವುದೂ ಬ್ರೌನಿಂಗನ ಪೇಟೆಂಟಿನಲ್ಲಿತ್ತು. ಹಾಗಾಗಿ ಮೊದಲ ತೋಟಾ ಒಳಗೆ ಹಾಕಬೇಕಾದರೆ ನಳಿಗೆಯನ್ನೇ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆಯಬೇಕು. ಹಿಡಿತಕ್ಕೆಂದು ನಳಿಗೆಯ ಮೇಲೆ ಒರಟು ಕೊರೆದಿದ್ದರು. ಒದ್ದೆಯಾಗಿ ಉಬ್ಬಿದ ತೋಟಾ ಸಿಕ್ಕಿಕೊಂಡರೆ ಕೈಯಲ್ಲಿ ಎಳೆದರೆ ಬರುವುದಿಲ್ಲ. ಜನ ಕೋವಿಯ ಹಿಡಿಯನ್ನು ನೆಲಕ್ಕೆ ಊರಿ, ಮೇಲಿನಿಂದ ನಳಿಗೆಯನ್ನು ಒತ್ತತೊಡಗಿದರು, ಬಾಯಿ ತಮ್ಮ ಮುಖದ ಕಡೆಗೇ ಇರುವ ಹಾಗೆ. ಅದು ಹಾರಿದರೆ? ಹಾರಿ ಸತ್ತವರಿದ್ದಾರೆ. ಹೀಗಾಗಿ ಅದಕ್ಕೆ ಬಿದ್ದ ಅಡ್ಡಹೆಸರು "ವಿಧವೆ ಮಾಡುವ ಕೋವಿ". 1925ರ ಹೊತ್ತಿಗೆ ತಯಾರಿಕೆ ನಿಂತಿತು. ಮುಟ್ಟಿದ್ದೆಲ್ಲ ಪೇಟೆಂಟ್ ಅಂತ ಕಟ್ಟಿಹಾಕಿದರೆ ಕೊನೆಗೆ ಯಾರ ತಲೆಯ ಮೇಲೆ ಬೀಳುತ್ತದೆ ನೋಡಿ. ನಾನು ಬ್ರೌನಿಂಗನ ಪಕ್ಷದವನೇ, ಆದರೂ ಈ ಕೋವಿಯ ಕತೆ ಓದಿದಾಗ ಮನಸ್ಸು ಸ್ವಲ್ಪ ಕಸಿವಿಸಿಯಾಗುತ್ತದೆ. ಎಳೆಯುವ ಒಂದು ಹಿಡಿ ಇದ್ದಿದ್ದರೆ ಸಾಕಿತ್ತು.

ಇಲ್ಲಿಗೆ ಕಂಪೆನಿಗಳ ಜಗಳ ಸಾಕು. ಹಕ್ಕಿಗಳ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ.

ಐದು ಈಡು ಒಂದರ ಹಿಂದೊಂದು ಹಾರುವ ಕೋವಿ ಬಾತುಕೋಳಿಯ ಹಿಂಡಿನ ಮುಂದೆ ಏನು ಮಾಡಬಲ್ಲದು ಅಂತ ಬೇಗನೆ ಗೊತ್ತಾಯಿತು. ಪೆನ್ಸಿಲ್ವೇನಿಯಾ ರಾಜ್ಯ 1907ರಲ್ಲೇ ಬೇಟೆಗೆ ಇಂಥ ಕೋವಿ ಬಳಸುವುದನ್ನು ನಿಷೇಧಿಸಿತು. ನ್ಯೂಯಾರ್ಕಿನ ಪ್ರಾಣಿಸಂಗ್ರಹಾಲಯದ ನಿರ್ದೇಶಕ ವಿಲಿಯಂ ಹಾರ್ನಡೇ 1913ರಲ್ಲಿ ನಶಿಸುತ್ತಿರುವ ಪ್ರಾಣಿಪಕ್ಷಿಗಳ ಬಗ್ಗೆ ಒಂದು ಕಟುವಾದ ಪುಸ್ತಕ ಬರೆದು, ಸ್ವಯಂಚಾಲಿತ ಮತ್ತು ಪಂಪ್ ಕೋವಿಗಳ ಮೇಲೆ ಹರಿಹಾಯ್ದ. ಮರುವರ್ಷ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಪಂಜರದಲ್ಲಿ ಕೊನೆಯ ಪ್ಯಾಸೆಂಜರ್ ಪಾರಿವಾಳ ಸತ್ತಿತು. ಒಂದು ಕಾಲಕ್ಕೆ ಆಕಾಶವನ್ನೇ ಮುಚ್ಚುವಷ್ಟಿದ್ದ ಹಕ್ಕಿ.

ನ್ಯಾಯವಾಗಿ ಹೇಳಬೇಕೆಂದರೆ ಆ ಪಾರಿವಾಳದ ಕತೆ ಆಟೋ-5 ಹುಟ್ಟುವ ಮೊದಲೇ ಬಹುಪಾಲು ಮುಗಿದಿತ್ತು. ಬಲೆ, ಹಳೆಯ ಕೋವಿಗಳು, ರೈಲಿನಲ್ಲಿ ಪೇಟೆಗೆ ಹೋಗುವ ಮಾಂಸ, ಇವೇ ಅದನ್ನು ಮುಗಿಸಿದ್ದವು. ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ರಾಜಸ್ತಾನದ ಭರತಪುರಕ್ಕೆ ಹೋಗಿ. ಅಲ್ಲಿನ ಕಲ್ಲಿನ ಫಲಕದಲ್ಲಿ ಕೊರೆದಿದ್ದಾರೆ: 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್ಗೋ ಬಂದಿದ್ದಾಗ ಒಂದೇ ದಿನಕ್ಕೆ 4,273 ಹಕ್ಕಿಗಳು. ಇಂಗ್ಲೆಂಡಿನ ದೊರೆಗಳ ಶಿಕಾರಿಯಲ್ಲಿ ರೂಢಿಯಿದ್ದದ್ದು ಜೋಡುನಳಿಗೆ. ಒಬ್ಬನಿಗೆ ಎರಡೆರಡು ಕೋವಿ, ಒಂದನ್ನು ಹಾರಿಸುವಷ್ಟರಲ್ಲಿ ಇನ್ನೊಂದಕ್ಕೆ ತೋಟಾ ತುಂಬಿ ಕೈಗೆ ಕೊಡಲು ಹಿಂದೆ ಒಬ್ಬ ಆಳು. ಸ್ವಯಂಚಾಲಿತ ಕೋವಿ ದೊಡ್ಡಮನುಷ್ಯರಿಗೆ ತಕ್ಕದ್ದಲ್ಲ ಅಂತ ಅವರು ಮೂಗು ಮುರಿಯುತ್ತಿದ್ದರು! ಬ್ರೌನಿಂಗ್ ಮಾಡಿದ್ದು ಆ ಆಳಿನ ಕೆಲಸವನ್ನು ಒಂದು ಸ್ಪ್ರಿಂಗಿಗೆ ವಹಿಸಿಕೊಟ್ಟದ್ದು, ಅಷ್ಟೇ. ಆಳು ಇಟ್ಟುಕೊಳ್ಳಲಾಗದ ಅಮೆರಿಕದ ರೈತನಿಗೂ ಆ ವೇಗ ಸಿಕ್ಕಿತು. ತೊಂದರೆ ಏನೆಂದರೆ ಹಾಗೆ ಸಿಕ್ಕಿದ್ದು ಲಕ್ಷಾಂತರ ಜನಕ್ಕೆ. ದೊರೆಗಳಾದರೆ ವರ್ಷಕ್ಕೆ ಕೆಲವು ದಿನ ಬರುವವರು. ಹಾಗಾಗಿ ಹಾರ್ನಡೇಯ ಕೋಪವನ್ನು ನಾನು ತಳ್ಳಿಹಾಕಲಾರೆ.

1918ರಲ್ಲಿ ವಲಸೆ ಹಕ್ಕಿಗಳ ಕಾಯಿದೆ ಬಂತು, ಮಾರಾಟಕ್ಕಾಗಿ ಕೊಲ್ಲುವುದು ನಿಂತಿತು. 1935ರಲ್ಲಿ ಅಮೆರಿಕ ಸರಕಾರ ಇನ್ನೊಂದು ನಿಯಮ ಮಾಡಿತು: ಬಾತುಕೋಳಿ ಬೇಟೆಗೆ ಹೋಗುವವನ ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯಬಾರದು. ಅದಕ್ಕಾಗಿ ಕೊಳವೆಯೊಳಗೆ ಒಂದು ಮರದ ತುಂಡು ತೂರಿಸಿ ಜಾಗ ಮುಚ್ಚುತ್ತಿದ್ದರು. ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಐದು ಈಡಿನ ಯಂತ್ರ ಮಾಡಿದ್ದು, ಆಮೇಲೆ ಒಂದು ಕೋಲು ಸಿಗಿಸಿ ಮೂರು ಮಾಡಿದ್ದು! ಆ ನಿಯಮ ಇಂದಿಗೂ ಇದೆ, ಈಗ ಮರದ ಬದಲು ಪ್ಲಾಸ್ಟಿಕ್.

ಬೇಟೆಯ ಆಚೆಗೂ ಇದಕ್ಕೆ ಕೆಲಸ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ವಿಮಾನದಿಂದ ಮಷಿನ್‌ಗನ್ ಹಾರಿಸುವ ಹುಡುಗರಿಗೆ, ಚಲಿಸುವ ಗುರಿಯ ಮುಂದಕ್ಕೆ ಎಷ್ಟು ಹಿಡಿಯಬೇಕು ಅಂತ ಕಲಿಸಲು ಅಮೆರಿಕದವರು ಇಂಥ ಕೋವಿಗಳನ್ನೇ ಬಳಸಿದರು. ಓಡುವ ಟ್ರಕ್ಕಿನ ಮೇಲೆ ನಿಂತು, ಚಿಮ್ಮುವ ಮಣ್ಣಿನ ಬಿಲ್ಲೆಗೆ ಹೊಡೆಯುವುದು. 1948ರಿಂದ 1960ರವರೆಗಿನ ಮಲಯಾ ಕಾಡಿನ ಕಾಳಗದಲ್ಲಿ ಬ್ರಿಟಿಷ್ ಸೈನಿಕರು ಆಟೋ-5 ಹಿಡಿದು ತಿರುಗಿದರು. ದಟ್ಟ ಕಾಡಿನಲ್ಲಿ ಹತ್ತಿಪ್ಪತ್ತು ಗಜದ ಆಚೆ ಏನೂ ಕಾಣುವುದಿಲ್ಲ, ಅಲ್ಲಿ ರೈಫಲ್ಲಿನ ದೂರ ಯಾರಿಗೆ ಬೇಕು? ನಳಿಗೆ ಕತ್ತರಿಸಿ ಕೋಟಿನೊಳಗೆ ಅಡಗಿಸಿಕೊಂಡ ದರೋಡೆಕೋರರೂ ಇದ್ದರು. 1934ರಲ್ಲಿ ಅಮೆರಿಕ 18 ಇಂಚಿಗಿಂತ ಗಿಡ್ಡ ನಳಿಗೆಯ ಕೋವಿಗಳಿಗೆ ನೋಂದಣಿ, ತೆರಿಗೆ ಹಾಕಿತು. ಬ್ರಿಟನ್ 1987ರ ಹಂಗರ್‌ಫರ್ಡ್ ಹತ್ಯಾಕಾಂಡದ ನಂತರ, 1988ರ ಕಾಯಿದೆಯಲ್ಲಿ, ಎರಡಕ್ಕಿಂತ ಹೆಚ್ಚು ತೋಟಾ ಹಿಡಿಯುವ ಕೊಳವೆ ಇದ್ದರೆ ಕಠಿಣ ಲೈಸೆನ್ಸ್ ಬೇಕೆಂದಿತು. ಆಸ್ಟ್ರೇಲಿಯಾದ ಪೋರ್ಟ್ ಆರ್ಥರಿನಲ್ಲಿ 1996ರ ಏಪ್ರಿಲ್‌ನಲ್ಲಿ 35 ಜನ ಸತ್ತಮೇಲೆ ಆ ದೇಶ ಅರೆ ಸ್ವಯಂಚಾಲಿತ ಕೋವಿಗಳನ್ನು ಸಾಮಾನ್ಯ ಜನರ ಕೈಯಿಂದ ಬಹುತೇಕ ವಾಪಸು ಪಡೆಯಿತು. ರೈಫಲ್ಲುಗಳೂ ಸೇರಿ ಸುಮಾರು 6,50,000 ಆಯುಧಗಳನ್ನು ಸರಕಾರ ದುಡ್ಡು ಕೊಟ್ಟು ಕೊಂಡು ನಾಶ ಮಾಡಿತು.

ಯಂತ್ರದ ಕತೆಯೂ ಮುಂದುವರಿಯಿತು. ನಳಿಗೆ ಜಾರುವ ಕೋವಿಯಲ್ಲಿ ಭಾರದ ವಸ್ತು ಒಂದಿಡೀ ಹಿಂದೆ ಮುಂದೆ ಓಡುವುದರಿಂದ ಹೆಗಲಿಗೆ ಎರಡು ಸಲ ಕುಲುಕಿದ ಹಾಗೆ ಆಗುತ್ತದೆ. 1950ರ ದಶಕದಲ್ಲಿ, ಸುಟ್ಟ ಮದ್ದಿನ ಅನಿಲವನ್ನೇ ನಳಿಗೆಯ ಸಣ್ಣ ತೂತಿನಿಂದ ಕದ್ದು ಪಿಸ್ಟನ್ ತಳ್ಳುವ ಕೋವಿಗಳು ಬಂದವು. 1963ರ ರೆಮಿಂಗ್ಟನ್ 1100 ಅವುಗಳಲ್ಲಿ ಬಹಳ ಹೆಸರು ಮಾಡಿತು. ಒದೆತ ಕಡಿಮೆ, ಮಣ್ಣಿನ ಬಿಲ್ಲೆಗೆ ದಿನವಿಡೀ ನೂರಾರು ಈಡು ಹಾರಿಸುವವರಿಗೆ ಹೇಳಿ ಮಾಡಿಸಿದ್ದು. ಅದೇ ದಶಕದಲ್ಲಿ ಇಟಲಿಯ ಬ್ರೂನೋ ಚಿವೊಲಾನಿ ಬೋಲ್ಟಿನೊಳಗೆ ಒಂದು ಗಡುಸು ಸ್ಪ್ರಿಂಗ್ ಇಟ್ಟು, ಕೋವಿ ಹಿಂದಕ್ಕೆ ಜರುಗುವಾಗ ಬೋಲ್ಟಿನ ಜಡತ್ವದಿಂದಲೇ ಕೆಲಸ ನಡೆಯುವ ಹಾಗೆ ಮಾಡಿದ. ಬೆನೆಲ್ಲಿ ಕಂಪೆನಿ ಬೆಳೆದದ್ದು ಆ ಸ್ಪ್ರಿಂಗಿನ ಮೇಲೆ.

ಬ್ರೌನಿಂಗ್ ಇದನ್ನೆಲ್ಲ ನೋಡಲಿಲ್ಲ. 1926ರ ನವೆಂಬರ್ 26ರಂದು ಹೆರ್ಸ್ಟಾಲ್ ಕಾರ್ಖಾನೆಯಲ್ಲಿ, ಅಲ್ಲೇ ಕೆಲಸಕ್ಕಿದ್ದ ಮಗ ವಾಲ್‌ನ ಕಚೇರಿಯಲ್ಲಿ ಹೃದಯ ನಿಂತು ತೀರಿಕೊಂಡ. 71 ವರ್ಷ. ದೇಹವನ್ನು ಕಡಲು ದಾಟಿಸಿ ತಂದು ಆಗ್ಡನ್‌ನಲ್ಲಿ ಮಣ್ಣು ಮಾಡಿದರು.

ಅವನಿಗೆ ಪಾಲು ಕೊಡಲು ಒಪ್ಪದ ವಿಂಚೆಸ್ಟರ್ ಕಂಪೆನಿ 1931ರಲ್ಲಿ ದಿವಾಳಿಯಾಗಿ ಬೇರೆಯವರ ಕೈ ಸೇರಿತು. ಬ್ರೌನಿಂಗ್ ಮನೆತನದ ಕಂಪೆನಿಯನ್ನು 1977ರಲ್ಲಿ ಎಫ್‌ಎನ್ ಕೊಂಡಿತು. ನ್ಯೂ ಹೇವನ್‌ನಲ್ಲಿದ್ದ ವಿಂಚೆಸ್ಟರಿನ ಹಳೆಯ ಕಾರ್ಖಾನೆ 2006ರಲ್ಲಿ ಮುಚ್ಚಿತು, ಮುಚ್ಚುವಾಗ ಅದೂ ಅದೇ ಬೆಲ್ಜಿಯಂ ಗುಂಪಿನ ಕೈಯಲ್ಲಿತ್ತು. ಈಗ ವಿಂಚೆಸ್ಟರ್ ಹೆಸರು ಕೆತ್ತಿದ ಕೋವಿಗಳನ್ನು ಲೈಸೆನ್ಸ್ ಪಡೆದು ಹೊರತರುವುದು ಬ್ರೌನಿಂಗಿನವರು. ಬೆನೆಟ್ ಎದ್ದು ಬಂದು ನೋಡಬೇಕಿತ್ತು ಅನ್ನಿಸುತ್ತದೆ ನನಗೆ.

ಆಟೋ-5ರ ತಯಾರಿಕೆ 1970ರ ದಶಕದಲ್ಲಿ ಬೆಲ್ಜಿಯಂನಿಂದ ಬಹುಪಾಲು ಜಪಾನಿನ ಮಿರೋಕು ಕಾರ್ಖಾನೆಗೆ ಹೋಯಿತು, 1990ರ ದಶಕದ ಕೊನೆಗೆ ನಿಂತಿತು. ಅಷ್ಟರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಾರಿತ್ತು. 2012ರಲ್ಲಿ ಕಂಪೆನಿ "ಎ-5" ಅಂತ ಹೊಸದೊಂದನ್ನು ತಂದಿದೆ. ಒಳಗೆ ಜಾರುವ ನಳಿಗೆ ಇಲ್ಲ, ಉಂಗುರ ಇಲ್ಲ, ಇಟಲಿಯವರ ಹಾಗೆ ಜಡತ್ವದ ಮೇಲೆ ನಡೆಯುವ ಯಂತ್ರ. ಅದಕ್ಕೆ ಹಿಂದೆ ಅಷ್ಟೆತ್ತರದ ಪೆಟ್ಟಿಗೆ ಬೇಕಾಗಿಯೇ ಇರಲಿಲ್ಲ. ಆದರೂ ಗಿರಾಕಿಗಳು ಬಯಸುತ್ತಾರೆಂದು ಗೂನನ್ನು ಹಾಗೇ ಇಟ್ಟಿದ್ದಾರೆ.